ಹತ್ತು-ನಾಲ್ಕು ಅಂದ ಹುಡುಗಿ

ಹೋದ ಜೂನ್‌ನಲ್ಲಿ ಅಕ್ಕನ ಮಗಳು ಅಮೆರಿಕದಿಂದ ಬಂದಿದ್ದಳು. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲೇ ಹುಟ್ಟಿ ಬೆಳೆದವಳು. ಈಗ ಹನ್ನೆರಡು ವರ್ಷ. ನಮಗೆಲ್ಲ ಅವಳು ಪುಟ್ಟಿ. ಕನ್ನಡ ಮಾತಾಡ್ತಾಳೆ, ಆದರೆ "ಅಜ್ಜಿ ಬಂತು", "ಮಾಮ ಊಟ ಮಾಡ್ತು" ಅನ್ನೋ ಥರದ ಕನ್ನಡ. ನಮಗೆ ಅದು ದಿನಾ ಮನರಂಜನೆ.

ಅವಳು ಬಂದ ಎರಡನೇ ವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಂಗಳಾರತಿ ಹೊತ್ತಿಗೆ ಅಕ್ಕ "ಪುಟ್ಟಿ ಒಂದು ದೇವರನಾಮ ಹೇಳ್ತಾಳೆ" ಅಂದಳು. ಮಗು ಮೊಬೈಲ್ ನೋಡಿಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದ ಪುರಂದರದಾಸರ ಹಾಡನ್ನ ಪೂರ್ತಿ ಹಾಡಿತು. ಶ್ರುತಿ ಒಂದು ಕೂದಲಿನಷ್ಟೂ ಆಚೀಚೆ ಆಗಲಿಲ್ಲ. ಆದರೆ 'ಳ' ಇದ್ದ ಕಡೆಯೆಲ್ಲ 'ಲ', 'ಣ' ಇದ್ದ ಕಡೆಯೆಲ್ಲ 'ನ'. ಹಾಡು ಮುಗಿದಿದ್ದೇ ತಡ, ನಮ್ಮ ದೊಡ್ಡಮ್ಮ ಒಬ್ಬರು ಅದೇ ಉಚ್ಚಾರಣೆಯಲ್ಲಿ ಒಂದು ಸಾಲು ಅಣಕಿಸಿ ತೋರಿಸಿದರು. ಮನೆ ತುಂಬ ನಗು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಜೋರಾಗೇ ನಕ್ಕೆ.

ಅವತ್ತು ಸಂಜೆ ಪುಟ್ಟಿ ಬಾಲ್ಕನಿಯಲ್ಲಿ ಕೂತಿದ್ದಳು. ಹಾಕಿಕೊಂಡಿದ್ದ ಟೀಶರ್ಟಿನ ಮೇಲೆ ಒಬ್ಬ ಹೆಂಗಸಿನ ಚಿತ್ರ: ದೊಡ್ಡ ಕಿವಿಯೋಲೆ, ಕೆಂಪು ತುಟಿ, ಅಗಲ ನಗು. "ಯಾರೇ ಇವಳು?" ಅಂತ ಕೇಳಿದೆ. ಮಾತಾಡಿಸೋಕೆ ಒಂದು ನೆಪ ಬೇಕಿತ್ತು.

"ಸೆಲೀನಾ. ಗೊತ್ತಿಲ್ವಾ ಮಾಮಾ? ನಮ್ಮ ಊರಲ್ಲಿ ಎಲ್ಲ ಕಡೆ ಇದಾಳೆ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೂ ಸ್ಪ್ಯಾನಿಶ್ ಸರಿಯಾಗಿ ಬರ್ತಿರಲಿಲ್ಲ. ಆದ್ರೆ ಅವಳನ್ನ ನೋಡಿ ಯಾರೂ ಲಾಫ್ ಮಾಡಲಿಲ್ಲ" ಅಂದಳು.

ನನಗೆ ಉತ್ತರ ಹೊಳೀಲಿಲ್ಲ. ಅವಳು ಇದ್ದ ಇನ್ನೂ ಐದು ವಾರದಲ್ಲಿ ಎಷ್ಟು ಕೇಳಿದರೂ ಮತ್ತೆ ಹಾಡಲಿಲ್ಲ. ವಿಮಾನ ಹತ್ತಿಸಿ ಬಂದ ಮೇಲೆ ಈ ಸೆಲೀನಾ ಯಾರು ಅಂತ ಹುಡುಕಿಕೊಂಡು ಕೂತೆ. ಹಾಡು ಕೇಳಿದೆ, ಹಳೇ ವಿಡಿಯೋ ನೋಡಿದೆ, ಓದಿದೆ. ಓದ್ತಾ ಓದ್ತಾ ಇದು ಬರೀ ಒಬ್ಬ ಗಾಯಕಿಯ ಕಥೆ ಅಲ್ಲ, ನಮಗೂ ಇದರಲ್ಲಿ ಪಾಠ ಇದೆ ಅನ್ನಿಸಿತು. ಅದಕ್ಕೇ ಈ ಬರಹ.

*

ಸೆಲೀನಾ ಕಿಂಟಾನಿಯಾ ಹುಟ್ಟಿದ್ದು 1971ರ ಏಪ್ರಿಲ್ 16ರಂದು, ಟೆಕ್ಸಸ್‌ನ ಲೇಕ್ ಜಾಕ್ಸನ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಏಬ್ರಹಾಂ, ಅಮ್ಮ ಮಾರ್ಸೆಲಾ. ಅಣ್ಣ ಏ.ಬಿ., ಅಕ್ಕ ಸುಜೆಟ್. ಮೆಕ್ಸಿಕನ್ ಮೂಲದ ಮನೆತನ, ಆದರೆ ಮನೆಮಾತು ಇಂಗ್ಲಿಷ್. ಹುಡುಗಿ ಕೇಳಿ ಬೆಳೆದದ್ದು ಅಮೆರಿಕದ ಪಾಪ್, ಡಿಸ್ಕೋ.

ಮೆಕ್ಸಿಕನ್ನರ ಮನೆಯಲ್ಲಿ ಇಂಗ್ಲಿಷ್ ಹೇಗೆ ಬಂತು ಅಂತ ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1836ರವರೆಗೆ ಟೆಕ್ಸಸ್ ಮೆಕ್ಸಿಕೋ ದೇಶದ ಭಾಗ. ಆಮೇಲೆ ಸ್ವತಂತ್ರ ಅಂತ ಘೋಷಿಸಿಕೊಂಡಿತು, 1845ರಲ್ಲಿ ಅಮೆರಿಕಕ್ಕೆ ಸೇರಿತು. 1848ರ ಒಪ್ಪಂದದಲ್ಲಿ ಗಡಿ ರಿಯೋ ಗ್ರಾಂಡೆ ನದಿಗೆ ಬಂದು ನಿಂತಿತು. ಅಲ್ಲಿದ್ದ ಸ್ಪ್ಯಾನಿಶ್ ಮಾತಿನ ಎಷ್ಟೋ ಜನ ಎಲ್ಲಿಗೂ ವಲಸೆ ಹೋದವರಲ್ಲ. ಅವರು ಇದ್ದಲ್ಲೇ ಇದ್ದರು, ಗಡಿ ಅವರ ಮನೆ ದಾಟಿ ಆಚೆ ಹೋಯ್ತು. ಕಾಸರಗೋಡಿನ ಕನ್ನಡಿಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಅವರಿಗೂ ಆಗಿದ್ದು ಅದೇ.

ಹೀಗೆ ಟೆಕ್ಸಸ್‌ನಲ್ಲಿ ಉಳಿದ, ಆಮೇಲೆ ಬಂದು ಸೇರಿದ ಮೆಕ್ಸಿಕನ್ ಮೂಲದವರಿಗೆ ತೆಹಾನೋ ಅಂತ ಹೆಸರು. 1918ರಲ್ಲಿ ಟೆಕ್ಸಸ್ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡೋದನ್ನೇ ಅಪರಾಧ ಮಾಡಿತು. ಸ್ಪ್ಯಾನಿಶ್ ಮಾತಾಡಿದ ಮಕ್ಕಳಿಗೆ ಏಟು ಬೀಳ್ತಿತ್ತು, ಶಾಲೆ ಬಿಟ್ಟ ಮೇಲೆ ಕೂರಿಸ್ತಿದ್ರು. ಈ ನಿಯಮ ಸಡಿಲ ಆಗಿದ್ದು 1969ರಲ್ಲಿ. ಎರಡು ಭಾಷೆಯ ಶಿಕ್ಷಣಕ್ಕೆ ಕಾನೂನು ಬಂದಿದ್ದು 1973ರಲ್ಲಿ. ಏಟು ತಿಂದು ಬೆಳೆದ ಆ ತಲೆಮಾರಿನ ಎಷ್ಟೋ ಅಪ್ಪ-ಅಮ್ಮಂದಿರು, ನಮ್ಮ ಮಕ್ಕಳಿಗೆ ಈ ಕಷ್ಟ ಬೇಡ ಅಂತ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಿದರು.

ಓದುವಾಗ ನನಗೆ ನೆನಪಾಗಿದ್ದು ನನ್ನದೇ ಇಂಗ್ಲಿಷ್ ಮೀಡಿಯಂ ಶಾಲೆ. ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ ಒಂದು ರೂಪಾಯಿ ಫೈನ್. ಲೀಡರ್ ಹುಡುಗ ನೋಟ್‌ಬುಕ್ಕಲ್ಲಿ ಹೆಸರು ಬರೆದುಕೊಳ್ತಿದ್ದ. ಅದೂ ಎಲ್ಲಿ, ಇದೇ ಬೆಂಗಳೂರಲ್ಲಿ! ನಮಗೆ ಗಡಿ ಬದಲಾಗೋದೂ ಬೇಕಾಗಲಿಲ್ಲ ನೋಡಿ.

*

ಸೆಲೀನಾಳ ಅಪ್ಪ ಏಬ್ರಹಾಂ ವಯಸ್ಸಲ್ಲಿ ತಾನೇ ಹಾಡುಗಾರ. 'ಲೋಸ್ ಡೀನೋಸ್' ಅನ್ನೋ ತಂಡದಲ್ಲಿ ಮೊದಮೊದಲು ಇಂಗ್ಲಿಷ್ ಹಾಡು ಹಾಡ್ತಿದ್ದವರು. ಬಿಳಿಯರಿಗೆ ಕಂದು ಬಣ್ಣದ ಹುಡುಗರ ಇಂಗ್ಲಿಷ್ ಹಾಡು ಬೇಡ, ಮೆಕ್ಸಿಕನ್ನರಿಗೆ ತಮ್ಮ ಹುಡುಗರ ಬಾಯಲ್ಲಿ ಇಂಗ್ಲಿಷ್ ಹಾಡೇ ಬೇಡ. ಕೊನೆಗೆ ತಂಡ ಸ್ಪ್ಯಾನಿಶ್ ಹಾಡಿಗೆ ತಿರುಗಿತು. ಮದುವೆ, ಮಕ್ಕಳಾದ ಮೇಲೆ ಏಬ್ರಹಾಂ ಹಾಡು ಬಿಟ್ಟು ಡೌ ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಆದರೆ ಚಪಲ ಎಲ್ಲಿ ಹೋಗುತ್ತೆ? ಕಿರಿ ಮಗಳ ಗಂಟಲು ಕೇಳಿದ ದಿನದಿಂದ ಮತ್ತೆ ಶುರು. ಮಗನಿಗೆ ಬೇಸ್ ಗಿಟಾರ್, ದೊಡ್ಡ ಮಗಳಿಗೆ ಡ್ರಮ್ಸ್, ಸಣ್ಣವಳಿಗೆ ಮೈಕು. ತಂಡಕ್ಕೆ ಅದೇ ಹಳೇ ಹೆಸರು ಬಂತು: 'ಸೆಲೀನಾ ಈ ಲೋಸ್ ಡೀನೋಸ್'.

1980ರ ಸುಮಾರಿಗೆ ಅಪ್ಪ ಒಂದು ಮೆಕ್ಸಿಕನ್ ಹೋಟೆಲ್ ತೆಗೆದರು. ಗಿರಾಕಿಗಳು ಊಟ ಮಾಡುವಾಗ ಮಕ್ಕಳು ಹಾಡ್ತಿದ್ರು. ಆರ್ಥಿಕ ಹಿಂಜರಿತ ಬಂತು, ಹೋಟೆಲ್ ಮುಚ್ಚಿತು, ಮನೆಯೂ ಹೋಯ್ತು. ಕುಟುಂಬ ಕಾರ್ಪಸ್ ಕ್ರಿಸ್ಟಿ ಅನ್ನೋ ಕಡಲ ತೀರದ ಊರಿಗೆ ಬಂತು. ಒಂದು ಹಳೇ ಬಸ್ಸು ತಗೊಂಡರು, ಅದಕ್ಕೆ 'ಬಿಗ್ ಬರ್ತಾ' ಅಂತ ಹೆಸರಿಟ್ಟರು. ಮದುವೆ, ಹುಟ್ಟುಹಬ್ಬ, ಜಾತ್ರೆ, ಬೀದಿ ಮೂಲೆ... ಕರೆದಲ್ಲಿಗೆ ಹೋಗಿ ಹಾಡಿದರು. ಈಗ ಹಾಡು ಬರೀ ಹವ್ಯಾಸ ಅಲ್ಲ, ಮನೆ ನಡೆಯಬೇಕಾದ್ದೇ ಅದರಿಂದ.

ಆ ಮದುವೆ ಮನೆಗಳಿಗೆ ಬೇಕಾದ್ದು ತೆಹಾನೋ ಸಂಗೀತ, ಅದೂ ಸ್ಪ್ಯಾನಿಶ್‌ನಲ್ಲಿ. ಹುಡುಗಿಗೋ ಸ್ಪ್ಯಾನಿಶ್ ಬರಲ್ಲ. ಅಪ್ಪ ಒಂದೊಂದೇ ಪದ ಹೇಳಿಕೊಟ್ಟರು. ಇವಳು ಅದನ್ನ ಶಬ್ದವಾಗಿ, ಬರೀ ಶಬ್ದವಾಗಿ ಕಲಿತಳು. ಅರ್ಥವನ್ನ ಪಕ್ಕದಲ್ಲಿ ಕೂತು ಬಿಡಿಸಿ ಹೇಳಬೇಕಿತ್ತು. ನಮ್ಮ ಪುಟ್ಟಿ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರ ನೋಡಿಕೊಂಡು ದಾಸರ ಪದ ಹಾಡಿದಳಲ್ಲ, ಅದೇ ಕಥೆ.

ಇದನ್ನ ಸುಂದರವಾದ ಬಾಲ್ಯ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಎಂಟನೇ ತರಗತಿಯಲ್ಲಿ ಅಪ್ಪ ಅವಳನ್ನ ಶಾಲೆ ಬಿಡಿಸಿದರು. ಹೈಸ್ಕೂಲನ್ನ ಅವಳು ಅಂಚೆ ಮೂಲಕ ಓದಿ ಮುಗಿಸಿದಳು. ಮಕ್ಕಳ ದುಡಿಮೆಯಲ್ಲಿ ಮನೆ ನಡೆಯೋದು ಎಲ್ಲಿ ನಡೆದರೂ ತಪ್ಪೇ, ಆ ಮಗು ಮುಂದೆ ಎಷ್ಟೇ ದೊಡ್ಡ ಹೆಸರು ಮಾಡಲಿ. ಆದರೆ ಒಂದು ಮಾತು. ತನ್ನದಲ್ಲದ, ಹಾಗೇ ತನ್ನದೂ ಆದ ಒಂದು ಭಾಷೆಯ ಜೊತೆ ಅವಳು ದಿನಾ ಗುದ್ದಾಡಿದ್ದು ಈ ಬಸ್ಸಲ್ಲೇ.

*

ತೆಹಾನೋ ಸಂಗೀತದ ಬಗ್ಗೆ ಎರಡು ಮಾತು ಹೇಳದಿದ್ದರೆ ಇವಳು ಮಾಡಿದ್ದೇನು ಅಂತ ಗೊತ್ತಾಗಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯಿಂದ, ಚೆಕ್ ನಾಡಿಂದ ಟೆಕ್ಸಸ್‌ಗೆ ಬಂದು ನೆಲೆಸಿದವರು ತಮ್ಮ ಜೊತೆ ಅಕಾರ್ಡಿಯನ್ ವಾದ್ಯವನ್ನ, ಪೋಲ್ಕಾ ಕುಣಿತವನ್ನ ತಂದರು. ಅಕ್ಕಪಕ್ಕದ ಮೆಕ್ಸಿಕನ್ನರು ಅದನ್ನ ಎತ್ತಿಕೊಂಡು, ಹನ್ನೆರಡು ತಂತಿಯ ತಮ್ಮ ಬಾಹೋ ಸೆಕ್ಸ್ಟೋ ಜೊತೆ ಸೇರಿಸಿ, ಸ್ಪ್ಯಾನಿಶ್ ಮಾತು ಹಾಕಿ ತಮ್ಮದು ಮಾಡಿಕೊಂಡರು. ಅಂದರೆ 'ಶುದ್ಧ ತೆಹಾನೋ' ಅಂತ ಹುಡುಕಿಕೊಂಡು ಹೋದರೆ ಸಿಗೋದು ಜರ್ಮನ್ ರೈತನ ಪೆಟ್ಟಿಗೆ! ನಮ್ಮ ಸಂಗೀತ ಕಚೇರಿಯಲ್ಲಿ ಪಿಟೀಲು ಇದೆಯಲ್ಲ, ಹಾಗೆ.

ಸೆಲೀನಾ ಬರೋ ಹೊತ್ತಿಗೆ ಇದು ಹೆಚ್ಚೂಕಮ್ಮಿ ಗಂಡಸರ ಕೋಟೆ. 1930ರ ದಶಕದಲ್ಲಿ ಲಿಡಿಯಾ ಮೆಂದೋಸಾ, ಸೆಲೀನಾಗಿಂತ ಸ್ವಲ್ಪ ಹಿಂದೆ ಲಾರಾ ಕನಾಲೆಸ್ ಥರದ ಕೆಲವರು ದಾರಿ ಮಾಡಿದ್ದರು ಅನ್ನೋದು ಬಿಟ್ಟರೆ ಹೆಂಗಸರಿಗೆ ಸಭೆ ಸಿಗೋದೇ ಕಷ್ಟ. ಹೆಣ್ಣು ಹಾಡಿದರೆ ಜನ ಬರಲ್ಲ ಅಂತ ವಾಪಸ್ ಕಳಿಸಿದ ಆಯೋಜಕರು ಇದ್ದರು. ಆಮೇಲೆ ಆಗಿದ್ದೇನು? 1980ರ ದಶಕ ಮುಗಿಯೋ ಹೊತ್ತಿಗೆ ತೆಹಾನೋ ಸಂಗೀತ ಪ್ರಶಸ್ತಿಯ ಅತ್ಯುತ್ತಮ ಗಾಯಕಿ ಅನ್ನೋ ಬಹುಮಾನ ವರ್ಷಾ ವರ್ಷಾ ಇವಳ ಮನೆಗೇ. 1989ರಲ್ಲಿ ಇಎಂಐ ಲ್ಯಾಟಿನ್ ಕಂಪನಿಯ ಹೋಸೆ ಬೆಹಾರ್ ಇವಳ ಹಾಡು ಕೇಳಿ ಒಪ್ಪಂದ ಮಾಡಿಕೊಂಡರು.

ಅಲ್ಲಿಂದ ಆರು ವರ್ಷ. ಅಷ್ಟೇ ಸಿಕ್ಕಿದ್ದು. ಆ ಆರು ವರ್ಷದಲ್ಲಿ ಅವಳ ಗಂಟಲು ಎಲ್ಲೆಲ್ಲಿ ಓಡಾಡಿತು ನೋಡಿ. 1992ರ 'ಕೋಮೋ ಲಾ ಫ್ಲೋರ್' ಕುಂಬಿಯಾ ತಾಳದ್ದು. ಕುಂಬಿಯಾ ಮೂಲತಃ ಕೊಲಂಬಿಯಾದ ಕುಣಿತ. 1994ರ 'ಅಮೋರ್ ಪ್ರೊಹಿಬೀದೋ' ಆಲ್ಬಮ್‌ನಲ್ಲಿ 'ನೋ ಮೇ ಕೇದಾ ಮಾಸ್' ಅಂತ ಒಂದು ಹಾಡಿದೆ. ಅದು ರಾಂಚೇರಾ ಶೈಲಿ, ಮೆಕ್ಸಿಕೋದ ಹಳ್ಳಿಗಾಡಿನ ಅಳಲು. ಅದರಲ್ಲಿ ದನಿಯನ್ನ ಒಡೆದು ಒಡೆದು ಹಾಡ್ತಾಳೆ, ಎಷ್ಟೋ ವರ್ಷ ಬದುಕಿ ಬಳಲಿದ ಹೆಂಗಸಿನ ಹಾಗೆ. ಹಾಡಿದಾಗ ವಯಸ್ಸು ಇನ್ನೂ ಇಪ್ಪತ್ತೆರಡರ ಆಸುಪಾಸು. ಅದೇ ಆಲ್ಬಮ್‌ನಲ್ಲಿ 'ಬಿದಿ ಬಿದಿ ಬೊಂ ಬೊಂ' ಅಂತ ಎದೆಬಡಿತದ ಸದ್ದನ್ನೇ ಹಾಡು ಮಾಡಿದ ತುಂಟಾಟ. ಅದರಲ್ಲೇ ಇನ್ನೊಂದು, 'ಫೋತೋಸ್ ಈ ರೆಕ್ವೆರ್ದೋಸ್'. ಇದು ಪ್ರಿಟೆಂಡರ್ಸ್ ಅನ್ನೋ ರಾಕ್ ತಂಡದ ಇಂಗ್ಲಿಷ್ ಹಾಡಿಗೆ ಸ್ಪ್ಯಾನಿಶ್ ಮಾತು, ಕುಂಬಿಯಾ ತಾಳ ಹಾಕಿದ್ದು. ಹಾಡು ಬರೆಯೋಕೆ ಅಣ್ಣ ಏ.ಬಿ. ಮತ್ತು ಗಡಿ ಊರಿನ ಪೀಟ್ ಅಸ್ತುದಿಯೋ. ಗಿಟಾರ್‌ಗೆ ರಾಕ್ ಹುಚ್ಚಿನ ಕ್ರಿಸ್ ಪೆರೆಸ್, 1992ರಲ್ಲಿ ಅವಳನ್ನ ಮದುವೆಯಾದವನು.

ಇದನ್ನ 'ಫ್ಯೂಶನ್' ಅಂತ ಕರೆದು ಮುಗಿಸೋದು ಸುಲಭ. ಆದರೆ ಫ್ಯೂಶನ್ ಅಂತ ನಾವು ಸಾಮಾನ್ಯವಾಗಿ ಕರೆಯೋದು ಎರಡು ಪಾತ್ರೆಯಲ್ಲಿರೋದನ್ನ ಒಂದಕ್ಕೆ ಸುರಿಯೋದನ್ನ. ಸೆಲೀನಾಳ ತಲೆಯಲ್ಲಿ ಎರಡು ಪಾತ್ರೆ ಇರಲೇ ಇಲ್ಲ. ಡಿಸ್ಕೋನೂ ಅವಳ ಮನೆಯದೇ, ಪೋಲ್ಕಾನೂ ಅವಳ ಮನೆಯದೇ.

*

ಈಗ ಭಾಷೆಯ ವಿಷಯಕ್ಕೆ ಬರ್ತೀನಿ. ಪುಟ್ಟಿ ಹೇಳಿದ್ದು ನಿಜವಾ? ಯಾರೂ ನಗಲಿಲ್ವಾ?

1992ರಲ್ಲಿ ಕಂಪನಿ ಅವಳನ್ನ ಮೆಕ್ಸಿಕೋದ ಮೊಂತೆರ್ರೇ ನಗರಕ್ಕೆ ಪತ್ರಕರ್ತರನ್ನ ಭೇಟಿ ಮಾಡಿಸೋಕೆ ಕರೆದುಕೊಂಡು ಹೋಯ್ತು. ಎಲ್ಲರಿಗೂ ಎದೆ ಡವಡವ. ಯಾಕಂದ್ರೆ ಮೆಕ್ಸಿಕೋದ ಜನಕ್ಕೆ ಟೆಕ್ಸಸ್‌ನ ಮೆಕ್ಸಿಕನ್ನರ ಬಗ್ಗೆ ಮೊದಲಿಂದಲೂ ಒಂದು ತಾತ್ಸಾರ. ಭಾಷೆ ಮರೆತವರು, ಅರ್ಧಂಬರ್ಧದವರು ಅಂತ. ತೆಹಾನೋ ಸಂಗೀತ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಈ ಹುಡುಗಿಯ ಸ್ಪ್ಯಾನಿಶ್ ಇನ್ನೂ ಕಲಿಕೆಯ ಹಂತದಲ್ಲಿತ್ತು. ಪತ್ರಿಕೆಯವರು ಹರಿದು ತಿನ್ತಾರೆ ಅಂತಲೇ ಎಲ್ಲರ ಲೆಕ್ಕ.

ಅವಳು ಒಳಗೆ ಬಂದವಳೇ ಒಬ್ಬೊಬ್ಬ ಪತ್ರಕರ್ತರನ್ನೂ ತಬ್ಬಿಕೊಂಡು ಮಾತಾಡಿಸಿದಳಂತೆ. ತಪ್ಪು ಸ್ಪ್ಯಾನಿಶ್‌ನಲ್ಲೇ, ಮುಚ್ಚುಮರೆ ಇಲ್ಲದೆ. ಪದ ಸಿಗದಿದ್ದರೆ ನಕ್ಕು ಅವರನ್ನೇ ಕೇಳೋದು. ಮಾರನೇ ದಿನದ ಪತ್ರಿಕೆಗಳಲ್ಲಿ ಹೊಗಳಿಕೆ, ಇವಳು ಜನಸಾಮಾನ್ಯರ ಕಲಾವಿದೆ ಅಂತ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಮೆಕ್ಸಿಕೋದ ಟೀವಿ ಧಾರಾವಾಹಿಗಳ ತುಂಬ ಆಗ ಬಿಳಿ ಚರ್ಮದ, ಹೊಂಬಣ್ಣದ ಕೂದಲಿನ ನಾಯಕಿಯರು. ಕಂದು ಬಣ್ಣದ, ಕಪ್ಪು ಕೂದಲಿನ, ಅಡುಗೆಮನೆಯಿಂದ ಈಗಷ್ಟೇ ಎದ್ದು ಬಂದ ಅಕ್ಕನ ಹಾಗಿದ್ದ ಈ ಹುಡುಗಿಯಲ್ಲಿ ಜನ ತಮ್ಮ ಮುಖ ಕಂಡರು. ಮರುವರ್ಷ ಅದೇ ಮೊಂತೆರ್ರೇಯಲ್ಲಿ ಅವಳ ಹಾಡು ಕೇಳೋಕೆ ಸೇರಿದ್ದವರು ಎಪ್ಪತ್ತು ಸಾವಿರದ ಹತ್ತಿರ.

ಟೀವಿ ಸಂದರ್ಶನವೊಂದರಲ್ಲಿ ಅವಳು ಹದಿನಾಲ್ಕು ಅನ್ನೋಕೆ 'ದಿಯೆಸಿಕ್ವಾತ್ರೋ' ಅಂದುಬಿಟ್ಟಳು. ಸ್ಪ್ಯಾನಿಶ್‌ನಲ್ಲಿ ಹದಿನಾರಕ್ಕೆ 'ಹತ್ತು ಮತ್ತು ಆರು' ಅನ್ನೋ ಅರ್ಥದ ಪದ ಇದೆ. ಆ ಲೆಕ್ಕದಲ್ಲಿ ಇವಳು 'ಹತ್ತು ಮತ್ತು ನಾಲ್ಕು' ಅಂತ ಹೊಸ ಪದ ಹುಟ್ಟಿಸಿದಳು. ಸರಿಯಾದ ಪದ 'ಕತೋರ್ಸೆ'. ನಮ್ಮ ಮಕ್ಕಳು 'ಹತ್ತು-ನಾಲ್ಕು' ಅಂದ ಹಾಗೆ ಅಂದುಕೊಳ್ಳಿ. ಜನ ನಕ್ಕರು, ನಗದೇ ಇರ್ತಾರಾ? ಅವಳೂ ನಕ್ಕಳು. ಇವತ್ತಿಗೂ ಅವಳ ಅಭಿಮಾನಿಗಳು ಆ ಪದವನ್ನ ಮುದ್ದಿನಿಂದ ನೆನೆಸಿಕೊಳ್ತಾರೆ. ಅಮೆರಿಕದಲ್ಲಿ ಹುಟ್ಟಿ, ಅಜ್ಜಿಯ ಭಾಷೆ ಅರ್ಧ ಬರೋ ಲಕ್ಷಾಂತರ ಮಕ್ಕಳಿಗೆ ಅದು ತಮ್ಮದೇ ಪದ. ಸೆಲೀನಾ ತಪ್ಪು ಮಾತಾಡಿಯೂ ರಾಣಿ ಆಗಬಹುದಾದರೆ ನಾವೂ ಬಾಯಿ ತೆರೀಬಹುದು ಅನ್ನೋ ಧೈರ್ಯ.

ಅಂದರೆ ನಗಲಿಲ್ಲ ಅಂತಲ್ಲ. ಅವಳ ಜೊತೆ ಸೇರಿ ನಕ್ಕರು. ನಕ್ಕ ಮೇಲೆ ಮತ್ತೆ ಹಾಡು ಅಂದರು. ಪುಟ್ಟಿಗೆ ನಾವು ಅದನ್ನ ಮಾಡಲಿಲ್ಲ.

*

ಸಂಗೀತದ ಕಂಪನಿಗಳಲ್ಲಿ 'ಕ್ರಾಸ್ ಓವರ್' ಅಂತ ಒಂದು ಮಾತಿದೆ. ಸಣ್ಣ ಮಾರುಕಟ್ಟೆಯಿಂದ ದೊಡ್ಡ ಮಾರುಕಟ್ಟೆಗೆ ದಾಟೋದು. ಸ್ಪ್ಯಾನಿಶ್‌ನಲ್ಲಿ ಗೆದ್ದ ಸೆಲೀನಾ ಇಂಗ್ಲಿಷ್‌ಗೆ ದಾಟಬೇಕು ಅಂತ ಎಲ್ಲರ ಆಸೆ. 1993ರಲ್ಲಿ ಇಂಗ್ಲಿಷ್ ಆಲ್ಬಮ್‌ಗೆ ಒಪ್ಪಂದವೂ ಆಯ್ತು. 1994ರಲ್ಲಿ ಅವಳ 'ಲೈವ್' ಆಲ್ಬಮ್‌ಗೆ ಗ್ರಾಮಿ ಪ್ರಶಸ್ತಿ ಬಂದಾಗ ಎಲ್ಲರೂ ಅದೇ ಕೇಳೋರು, ಯಾವಾಗ ದಾಟ್ತೀಯ ಅಂತ.

ನನಗೆ ಇಲ್ಲಿ ತಮಾಷೆ ಅನ್ನಿಸೋದು ಏನಂದ್ರೆ, ಇಂಗ್ಲಿಷ್ ಅವಳ ಮನೆಮಾತು! ಇಂಗ್ಲಿಷ್‌ನಲ್ಲಿ ಹಾಡೋದು ಅವಳಿಗೆ ದಾಟೋದಲ್ಲ, ಮನೆಗೆ ವಾಪಸ್ ಬರೋದು. ಅವಳು ನಿಜವಾಗಿ ದಾಟಿದ್ದು ಒಂಬತ್ತು ಹತ್ತನೇ ವಯಸ್ಸಲ್ಲಿ, ಅಪ್ಪನ ಹೋಟೆಲಲ್ಲಿ, ಅರ್ಥವಾಗದ ಪದ ಬಾಯಿಪಾಠ ಮಾಡುವಾಗ. ಅದನ್ನ ಯಾರೂ ಕ್ರಾಸ್ ಓವರ್ ಅಂತ ಕರೀಲಿಲ್ಲ, ಯಾಕಂದ್ರೆ ಆ ದಿಕ್ಕಲ್ಲಿ ದುಡ್ಡು ಕಮ್ಮಿ. ದೊಡ್ಡ ಭಾಷೆಯಿಂದ ಸಣ್ಣ ಭಾಷೆಗೆ ಬರೋರನ್ನ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. (ಸ್ಪ್ಯಾನಿಶ್ ಸಣ್ಣ ಭಾಷೆಯೇನಲ್ಲ ಬಿಡಿ, ಟೆಕ್ಸಸ್‌ನಲ್ಲಿ ಅದನ್ನ ಸಣ್ಣದು ಮಾಡಿ ಇಟ್ಟಿದ್ದರು.)

1995ರ ಫೆಬ್ರವರಿ 26. ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣ. ಅಲ್ಲಿ ಆಗ ಪ್ರತಿವರ್ಷ ದೊಡ್ಡ ಜಾನುವಾರು ಜಾತ್ರೆ ನಡೀತಿತ್ತು, ಜೊತೆಗೆ ಸಂಗೀತ. ಅರವತ್ತು ಸಾವಿರಕ್ಕೂ ಹೆಚ್ಚು ಜನ. ನೇರಳೆ ಬಣ್ಣದ ಮಿರಿಮಿರಿ ಉಡುಪಿನಲ್ಲಿ ಕುದುರೆ ಗಾಡಿ ಏರಿ ಬಂದಳು. ಶುರು ಮಾಡಿದ್ದು ಇಂಗ್ಲಿಷ್ ಡಿಸ್ಕೋ ಹಾಡುಗಳ ಮಾಲೆಯಿಂದ. ಆಮೇಲೆ ಒಂದಿಷ್ಟೂ ತಡೆಯಿಲ್ಲದೆ ಕುಂಬಿಯಾಕ್ಕೆ ಇಳಿದಳು. ಆ ವಿಡಿಯೋ ನೋಡಿ. ಭಾಷೆ ಬದಲಾದಾಗ ಅವಳ ಮೈಯಲ್ಲಿ ಏನೂ ಬದಲಾಗಲ್ಲ. ಅದೇ ನಗು, ಅದೇ ಹೆಜ್ಜೆ.

ಅದಾಗಿ ಐದು ವಾರ ಆಗಿರಲಿಲ್ಲ. 1995ರ ಮಾರ್ಚ್ 31ರಂದು ಕಾರ್ಪಸ್ ಕ್ರಿಸ್ಟಿಯಲ್ಲಿ, ಅವಳ ಅಭಿಮಾನಿ ಸಂಘವನ್ನೂ ಬಟ್ಟೆ ಅಂಗಡಿಯನ್ನೂ ನೋಡಿಕೊಳ್ಳುತ್ತಿದ್ದ ಹೆಂಗಸೇ ಅವಳನ್ನ ಗುಂಡಿಟ್ಟು ಕೊಂದಳು. ಇಪ್ಪತ್ನಾಲ್ಕು ತುಂಬೋಕೆ ಎರಡು ವಾರ ಬಾಕಿ. ಆ ಬಗ್ಗೆ ಓದಿದರೆ ನೂರು ಕಡೆ ಸಿಗುತ್ತೆ, ನಾನು ಬರೆಯಲ್ಲ.

ಇಂಗ್ಲಿಷ್ ಆಲ್ಬಮ್ ಪೂರ್ತಿ ಆಗಿರಲಿಲ್ಲ. ಮುಗಿದಿದ್ದ ಇಂಗ್ಲಿಷ್ ಹಾಡುಗಳ ಜೊತೆ ಸ್ಪ್ಯಾನಿಶ್ ಹಾಡುಗಳನ್ನ ಸೇರಿಸಿ 1995ರ ಜುಲೈನಲ್ಲಿ 'ಡ್ರೀಮಿಂಗ್ ಆಫ್ ಯೂ' ಬಿಡುಗಡೆ ಮಾಡಿದರು. ಮೊದಲ ವಾರದಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯ್ತು, ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಒಂದನೇ ಸ್ಥಾನ. ಬಹುಪಾಲು ಸ್ಪ್ಯಾನಿಶ್ ಹಾಡುಗಳಿದ್ದ ಆಲ್ಬಮ್ ಒಂದು ಹಾಗೆ ಮೊದಲ ವಾರವೇ ಮೇಲೆ ಬಂದಿದ್ದು ಅದೇ ಮೊದಲು. ಸ್ಪ್ಯಾನಿಶ್‌ಗೆ ಮಕ್ಕಳನ್ನ ಹೊಡೆಯುತ್ತಿದ್ದ ರಾಜ್ಯದ ಗವರ್ನರ್, ಆಗ ಜಾರ್ಜ್ ಬುಷ್, ಅವಳ ಹುಟ್ಟುಹಬ್ಬವನ್ನ 'ಸೆಲೀನಾ ದಿನ' ಅಂತ ಘೋಷಿಸಿದರು. ಅವಳ ಬಗ್ಗೆ 'ಪೀಪಲ್' ಪತ್ರಿಕೆ ತಂದ ವಿಶೇಷ ಸಂಚಿಕೆ ಮಾರಾಟವಾದ ರೀತಿ ನೋಡಿ, ಆ ಕಂಪನಿ 1996ರಲ್ಲಿ ಸ್ಪ್ಯಾನಿಶ್ ಪತ್ರಿಕೆಯನ್ನೇ ಶುರು ಮಾಡಿತು. 2021ರಲ್ಲಿ ಗ್ರಾಮಿಯವರ ಜೀವಮಾನ ಸಾಧನೆ ಪ್ರಶಸ್ತಿಯೂ ಬಂತು, ಬದುಕಿದ್ದರೆ ಆ ವರ್ಷ ಅವಳಿಗೆ ಐವತ್ತು ತುಂಬ್ತಿತ್ತು.

*

ಈಗ ನಮ್ಮ ಕಡೆಗೆ ಬರೋಣ.

ಹೊರಗಿನಿಂದ ಬಂದು ಹಾಡಿದವರಿಗೆ ಕನ್ನಡ ಯಾವತ್ತೂ ಬಾಗಿಲು ಹಾಕಿಲ್ಲ. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಎಷ್ಟೋ ವರ್ಷ ರಾಜಕುಮಾರ್ ಅವರ ಹಾಡಿನ ದನಿ ಆಗಿದ್ದರು. ಗುಂಟೂರು ಕಡೆಯ ಎಸ್. ಜಾನಕಿ ಹಾಡಿದ ಭಾವಗೀತೆ ಕೇಳಿ ನಮ್ಮಮ್ಮ 'ಹೀಗೆ ಬಿಡಿಸಿ ಹೇಳಬೇಕು' ಅಂತ ನಮಗೆ ಹೇಳಿಕೊಡ್ತಿದ್ದಳು. ಎಸ್‌ಪಿಬಿ ಬಗ್ಗೆ ನಾನು ಹೇಳೋದೇ ಬೇಡ. ಇವರು ಯಾರೂ ಕನ್ನಡವನ್ನ ಹಾಲಿನ ಜೊತೆ ಕುಡಿದವರಲ್ಲ. ಕಲಿತರು, ತಿದ್ದಿಕೊಂಡರು, ಕೇಳಿದರು, ಮತ್ತೆ ಹಾಡಿದರು. ಕನ್ನಡ ಹುಟ್ಟಿನಿಂದಲೇ ಬರಬೇಕು ಅನ್ನೋದಕ್ಕೆ ಇವರ ಒಂದೊಂದು ಹಾಡೂ ಉತ್ತರ.

'ಹಾಗಾದರೆ ತಪ್ಪು ಹಾಡಿದರೂ ಸುಮ್ಮನಿರಬೇಕಾ?' ಅಂತ ನೀವು ಕೇಳ್ತೀರಿ, ಗೊತ್ತು. ಖಂಡಿತ ಇಲ್ಲ. ಲಕ್ಷಗಟ್ಟಲೆ ಎಣಿಸಿಕೊಂಡು, ಬೆಳಗ್ಗೆ ವಿಮಾನದಲ್ಲಿ ಬಂದು, ಹಾಡು ಯಾವ ಭಾಷೆಯದು ಅಂತಲೂ ತಲೆ ಕೆಡಿಸಿಕೊಳ್ಳದೆ 'ಹ'ಕಾರ ನುಂಗಿ ಹೋಗೋರನ್ನ ಧಾರಾಳವಾಗಿ ಬೈಯೋಣ. ಅವರನ್ನ ಹಾಗೇ ಒಪ್ಪಿಕೊಂಡ ನಿರ್ಮಾಪಕರನ್ನ ಇನ್ನೂ ಎರಡು ಹೆಚ್ಚು ಬೈಯೋಣ. ಅದು ಕೆಲಸಗಳ್ಳತನ. ನಾನು ಹೇಳ್ತಿರೋದು ಕಲಿಯೋಕೆ ಹೊರಟವರ ತಪ್ಪಿನ ಬಗ್ಗೆ. ಎರಡರಲ್ಲೂ ಕಿವಿಗೆ ಕೇಳೋ ತಪ್ಪು ಒಂದೇ ಇರಬಹುದು, ಅದರ ಹಿಂದಿನ ಶ್ರಮ ಬೇರೆ.

ಇಲ್ಲಿ ನಮ್ಮದೊಂದು ವಿಚಿತ್ರ ಇದೆ. ವಿದೇಶಿ ಕ್ರಿಕೆಟಿಗನೊಬ್ಬ ಮೈಕಲ್ಲಿ "ನಮಸ್ಕಾರ ಬೆಂಗಳೂರು" ಅಂದರೆ ಸಾಕು, ಕ್ರೀಡಾಂಗಣ ಕಿತ್ತುಹೋಗುವ ಹಾಗೆ ಶಿಳ್ಳೆ ಹೊಡೀತೀವಿ. ಅವನ 'ಳ' ಯಾರೂ ಕೇಳಲ್ಲ. ಅದೇ ನಮ್ಮ ಅಕ್ಕನ ಮಗಳು, ತಮ್ಮನ ಮಗ, ಇದೇ ಊರಲ್ಲಿ ಇಂಗ್ಲಿಷ್ ಮೀಡಿಯಂ ಓದೋ ಪಕ್ಕದ ಮನೆ ಹುಡುಗ 'ಎಂಬತ್ತೇಳು' ಅಂದರೆ ಎಷ್ಟು ಅಂತ ಕೇಳಿದರೆ, "ಅಯ್ಯೋ, ಇದೂ ಗೊತ್ತಿಲ್ವಾ!" ಅಂತ ನಾಲ್ಕು ಜನರ ಮುಂದೆ ಹಂಗಿಸ್ತೀವಿ. ಪರರಿಗೆ ಸನ್ಮಾನ, ಮನೆ ಮಕ್ಕಳಿಗೆ ಅಣಕ. ಆ ಮಗು ಏನು ಮಾಡುತ್ತೆ? ಇಂಗ್ಲಿಷ್‌ಗೆ ಹೋಗುತ್ತೆ. ಅಲ್ಲಿ ಯಾರೂ ನಗಲ್ಲವಲ್ಲ. ಆಮೇಲೆ 'ಈಗಿನ ಮಕ್ಕಳಿಗೆ ಕನ್ನಡ ಬೇಡ' ಅಂತ ನಾವೇ ನವೆಂಬರ್‌ನಲ್ಲಿ ಭಾಷಣ ಬಿಗೀತೀವಿ.

ಶಾಲೆಯಲ್ಲಿ ಒಂದು ರೂಪಾಯಿ ಫೈನ್ ಹಾಕಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಪೂಜೆ ದಿನ ನಾನು ಮಾಡಿದ್ದೇನು? ಅವರು ಕನ್ನಡ ಮಾತಾಡಿದ್ದಕ್ಕೆ ಫೈನ್ ಹಾಕಿದರು, ನಾನು ಕನ್ನಡ ತಪ್ಪು ಮಾತಾಡಿದ್ದಕ್ಕೆ ಹಾಕಿದೆ. ಮಗುವಿನ ಕಡೆಯಿಂದ ನೋಡಿದರೆ ಎರಡರ ಫಲವೂ ಒಂದೇ, ಬಾಯಿ ಮುಚ್ಚಿಕೊಳ್ಳೋದು.

ಸೆಲೀನಾ ಗೆದ್ದಿದ್ದು ಅವಳ ಪ್ರತಿಭೆಯಿಂದ, ಅಪ್ಪನ ಹಟದಿಂದ, ಆ ಬಸ್ಸಿನ ಹತ್ತು ವರ್ಷದ ಸುತ್ತಾಟದಿಂದ. ಅದು ಸರಿಯೇ. ಆದರೆ ಮೊಂತೆರ್ರೇಯ ಆ ಪತ್ರಕರ್ತರು ಅವತ್ತು ವ್ಯಾಕರಣದ ಲೆಕ್ಕ ಹಾಕಿಕೊಂಡು ಕೂತಿದ್ದರೆ? ಅವಳ ದಾರಿ ಇನ್ನೆಷ್ಟು ಸುತ್ತು ಬಳಸ್ತಿತ್ತೋ. ಅವಳು ಅರ್ಧ ದಾರಿ ನಡೆದು ಬಂದಿದ್ದಳು, ಉಳಿದ ಅರ್ಧವನ್ನ ಅವರು ನಡೆದು ಹೋದರು. ಎರಡು ಸಂಸ್ಕೃತಿಯ ನಡುವೆ ಒಬ್ಬ ಗಾಯಕಿ ಬೆಳೆಯೋಕೆ ಎರಡೂ ಕಡೆಯವರು ನಡೀಬೇಕು ಅಂತ ನನ್ನ ಅಭಿಪ್ರಾಯ.

ಹೋದ ಭಾನುವಾರ ಅಕ್ಕನ ಮನೆಗೆ ವಿಡಿಯೋ ಕಾಲ್ ಮಾಡಿದ್ದೆ. ಪುಟ್ಟಿಯನ್ನ ಕರೆದು, "ಅವತ್ತು ನಕ್ಕಿದ್ದು ತಪ್ಪಾಯ್ತು ಕಣೇ" ಅಂದೆ. ಹನ್ನೆರಡು ವರ್ಷದ ಹುಡುಗಿಗೆ ಮಾಮ ಹೀಗೆ ಹೇಳಿದರೆ ಏನು ಮಾಡಬೇಕೋ ಗೊತ್ತಾಗಲಿಲ್ಲ ಅನ್ಸುತ್ತೆ, "ಇಟ್ಸ್ ಓಕೆ ಮಾಮಾ" ಅಂದಳು. ಆ ದೇವರನಾಮ ಒಂದ್ಸಲ ಹಾಡ್ತೀಯಾ ಅಂದೆ. "ಆಮೇಲೆ" ಅಂದಳು.

ಕಾಯ್ತಾ ಇದೀನಿ. ನಿಮ್ಮ ಮನೆಯಲ್ಲೂ ಇಂಥ ಪುಟ್ಟಿಯರು, ಪುಟ್ಟಂದಿರು ಇರ್ತಾರೆ. ಅವರು ತಪ್ಪು ಕನ್ನಡ ಮಾತಾಡಿದಾಗ ನೀವೇನು ಮಾಡ್ತೀರಿ? ತಿದ್ದೋದು ಹೇಗೆ, ನೋಯಿಸದೇ? ನನಗಂತೂ ಇನ್ನೂ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.